ವಿಷಮಶೀತಜ್ವರವೂ ಔಷಧಗಳ ಬಲಾಬಲವೂ

ಮನೆಯಲ್ಲಿ ಯಾರಿಗಾದರೂ ಜ್ವರ ಬಂದು, ನಾಲ್ಕಾರು ದಿನಗಳಾದರೂ ಇಳಿಯದೆ ದಿನದಿನಕ್ಕೂ ಏರುತ್ತ ಹೋದರೆ, ಹಿರಿಯರು ಮೊದಲು ಶಂಕಿಸುವುದು ವಿಷಮಶೀತಜ್ವರವನ್ನು. ಟೈಫಾಯಿಡ್ ಎಂದು ಈಗ ಎಲ್ಲರೂ ಕರೆಯುವುದು ಇದನ್ನೇ. ಮಲದಿಂದ ಕಲುಷಿತವಾದ ನೀರು ಆಹಾರಗಳ ಮೂಲಕ ಸಾಲ್ಮೊನೆಲ್ಲಾ ಟೈಫಿ ಎಂಬ ರೋಗಾಣುವು ಕರುಳನ್ನು ಹೊಕ್ಕು, ಅದರ ಗೋಡೆಯನ್ನು ದಾಟಿ ರಕ್ತವನ್ನು ಸೇರುವುದರಿಂದ ಈ ಜ್ವರ ಹುಟ್ಟುತ್ತದೆ. ಅಲಕ್ಷ್ಯ ಮಾಡಿದರೆ ಎರಡು ಮೂರು ವಾರಗಳಲ್ಲಿ ಕರುಳಿನಲ್ಲಿ ಹುಣ್ಣಾಗಿ ರಕ್ತ ಸುರಿಯುವುದೂ, ರಂಧ್ರ ಬೀಳುವುದೂ ಉಂಟು. ತಕ್ಕ ಔಷಧವಿಲ್ಲದ ಕಾಲದಲ್ಲಿ ಇದಕ್ಕೆ ತುತ್ತಾದ ಹತ್ತು ಮಂದಿಯಲ್ಲಿ ಒಬ್ಬಿಬ್ಬರು ಬದುಕುತ್ತಿರಲಿಲ್ಲ. ಈಗ ಔಷಧಗಳುಂಟು, ಆದರೆ ಅವುಗಳಲ್ಲಿ ಯಾವುದಕ್ಕೆ ಇಂದು ಬಲವಿದೆ, ಯಾವುದಕ್ಕೆ ಇಲ್ಲ ಎಂಬುದನ್ನು ಅರಿಯುವ ಬಗೆ ಯಾವುದು? ಪ್ರತಿಯೊಂದು ಸಂಸಾರವೂ ತಿಳಿದಿರಬೇಕಾದ ವಿಷಯವಿದೆಂದು ನಾವು ಭಾವಿಸುತ್ತೇವೆ.

ವೆನೆಜುವೆಲಾ ದೇಶದ ಮಣ್ಣಿನಲ್ಲಿದ್ದ ಒಂದು ಸೂಕ್ಷ್ಮಜೀವಿಯಿಂದ ಕ್ಲೋರಾಂಫೆನಿಕಾಲ್ ಎಂಬ ಪ್ರತಿಜೀವಕ ದೊರೆತದ್ದು 1947ರಲ್ಲಿ. ಮರುವರ್ಷವೇ ಕ್ವಾಲಾಲಂಪುರದಲ್ಲಿ ವಿಷಮಶೀತಜ್ವರದ ರೋಗಿಗಳಿಗೆ ಅದನ್ನು ಕೊಟ್ಟು ನೋಡಲಾಗಿ, ವಾರಗಟ್ಟಲೆ ಕಾಡುತ್ತಿದ್ದ ಜ್ವರ ಕೆಲವೇ ದಿನಗಳಲ್ಲಿ ಇಳಿಯಿತು. ಸುಮಾರು ಕಾಲು ಶತಮಾನದವರೆಗೆ ಈ ರೋಗಕ್ಕೆ ಅದೇ ರಾಮಬಾಣವಾಗಿತ್ತು. 1972ರಲ್ಲಿ ಕೇರಳದ ಕಲ್ಲಿಕೋಟೆಯಲ್ಲಿಯೂ, ದೂರದ ಮೆಕ್ಸಿಕೋ ದೇಶದಲ್ಲಿಯೂ ಆ ಬಾಣಕ್ಕೆ ಬಗ್ಗದ ರೋಗಾಣುಗಳು ಕಾಣಿಸಿಕೊಂಡವು. 1990ರ ಸುಮಾರಿಗೆ ಕ್ಲೋರಾಂಫೆನಿಕಾಲ್, ಆಂಪಿಸಿಲಿನ್, ಕೋಟ್ರೈಮಾಕ್ಸಜೋಲ್ ಎಂಬ ಮೂರು ಔಷಧಗಳನ್ನೂ ಒಟ್ಟಿಗೆ ಎದುರಿಸುವ ತಳಿಗಳು ಭಾರತದಲ್ಲಿ ಹಬ್ಬಿದುವು. ಆಗ ವೈದ್ಯರು ಸಿಪ್ರೊಫ್ಲಾಕ್ಸಸಿನ್‌ಗೆ ಮೊರೆಹೊಕ್ಕರು; ಅದೂ ಕ್ರಮೇಣ ಶಕ್ತಿಗುಂದಿತು. ಈಗಿನ ಚಿಕಿತ್ಸೆ ಬಹುಮಟ್ಟಿಗೆ ಸೆಫ್ಟ್ರಿಯಾಕ್ಸೋನ್, ಅಜಿತ್ರೊಮೈಸಿನ್ ಮೊದಲಾದವುಗಳ ಮೇಲೆ ನಿಂತಿದೆ.

ರೋಗಾಣುವಿಗೆ ಈ ಸಾಮರ್ಥ್ಯ ಎಲ್ಲಿಂದ ಬರುತ್ತದೆ? ಕೋಟಿಗಟ್ಟಲೆ ಹೆಚ್ಚುವ ರೋಗಾಣುಗಳಲ್ಲಿ ಎಲ್ಲೋ ಒಂದು ಆಕಸ್ಮಿಕವಾಗಿ ಔಷಧವನ್ನು ತಡೆಯಬಲ್ಲದ್ದಾಗಿ ಹುಟ್ಟುತ್ತದೆ. ಔಷಧವು ದುರ್ಬಲವಾದುವನ್ನೆಲ್ಲ ಕೊಂದು ಅದೊಂದಕ್ಕೆ ಎಡೆಮಾಡಿಕೊಟ್ಟರೆ, ಅದರ ಸಂತತಿಯೇ ಬೆಳೆಯುತ್ತದೆ. ಇನ್ನೊಂದು ಮಾರ್ಗವೂ ಉಂಟು. ಕರುಳಿನಲ್ಲಿ ವಾಸಿಸುವ ಬೇರೆ ಜಾತಿಯ ಬ್ಯಾಕ್ಟೀರಿಯಾಗಳು ತಮ್ಮಲ್ಲಿರುವ ನಿರೋಧಗುಣವನ್ನು ಉಂಗುರದಾಕಾರದ ಸಣ್ಣದೊಂದು ವಂಶದ್ರವ್ಯದ ರೂಪದಲ್ಲಿ ನೆರೆಯವುಗಳಿಗೆ ದಾಟಿಸಬಲ್ಲವು. 2016ರಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತದ ಹೈದರಾಬಾದಿನಲ್ಲಿ ಕಾಣಿಸಿಕೊಂಡ ತಳಿ ಹೀಗೆಯೇ ಬಲಗೊಂಡು, ಹಿಂದಿನ ಮೂರು ಔಷಧಗಳ ಜೊತೆಗೆ ಸಿಪ್ರೊಫ್ಲಾಕ್ಸಸಿನ್, ಸೆಫ್ಟ್ರಿಯಾಕ್ಸೋನ್‌ಗಳನ್ನೂ ನಿಷ್ಫಲಗೊಳಿಸಿತು. ಬಾಯಿಂದ ನುಂಗತಕ್ಕ ಔಷಧಗಳಲ್ಲಿ ನೆಚ್ಚಬಹುದಾಗಿ ಉಳಿದದ್ದು ಅಜಿತ್ರೊಮೈಸಿನ್ ಒಂದೇ. 2019ರಲ್ಲಿ ಸಿಂಧ್ ಪ್ರಾಂತದ ಮಕ್ಕಳಿಗೆ ಹೊಸ ಬಗೆಯ ಲಸಿಕೆಯನ್ನು ಹಾಕಲಾರಂಭಿಸಿದರು. ಆ ಲಸಿಕೆ ತಯಾರಾದದ್ದು ನಮ್ಮ ದಕ್ಷಿಣದ ಹೈದರಾಬಾದಿನಲ್ಲಿ ಎಂಬುದು ಸ್ಮರಣೀಯ.

ಇಂಥ ತಳಿ ತಲೆದೋರಿದ್ದನ್ನು ಕಂಡುಹಿಡಿದದ್ದು ಪ್ರಯೋಗಶಾಲೆ. ಅರಸರು ಚಾರಚಕ್ಷುಗಳು, ಅಂದರೆ ಗೂಢಚಾರರೇ ಅವರಿಗೆ ಕಣ್ಣುಗಳು, ಎಂದು ನಮ್ಮ ಹಿಂದಿನವರು ಹೇಳುತ್ತಿದ್ದರು. ವೈದ್ಯರಿಗೆ ಅಂಥ ಕಣ್ಣು ಪ್ರಯೋಗಶಾಲೆಯೇ. ರೋಗಿಯ ರಕ್ತವನ್ನು ಪೋಷಕದ್ರವವಿರುವ ಸೀಸೆಯಲ್ಲಿ ಹಾಕಿ, ದೇಹದಷ್ಟೇ ಕಾವಿನಲ್ಲಿ ಇಟ್ಟರೆ ರೋಗಾಣು ಬೆಳೆಯುತ್ತದೆ. ಅದನ್ನು ತಟ್ಟೆಯಲ್ಲಿ ಹರಡಿ, ಬೇರೆ ಬೇರೆ ಔಷಧ ಹೀರಿದ ಕಾಗದದ ಪುಟ್ಟ ಬಿಲ್ಲೆಗಳನ್ನು ಮೇಲಿಡುತ್ತಾರೆ. ಮರುದಿನ ನೋಡಿದಾಗ ಬಲವುಳ್ಳ ಔಷಧದ ಸುತ್ತ ರೋಗಾಣು ಬೆಳೆಯದೆ ತಿಳಿಯಾದ ವೃತ್ತ ಮೂಡಿರುತ್ತದೆ. ಅದರ ವ್ಯಾಸವನ್ನು ಮಿಲಿಮೀಟರುಗಳಲ್ಲಿ ಅಳೆದು, ನಿಗದಿಯಾದ ಪ್ರಮಾಣದೊಡನೆ ಹೋಲಿಸಿ ಔಷಧದ ಬಲಾಬಲವನ್ನು ನಿರ್ಣಯಿಸುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು 2013ರಲ್ಲಿ ಹಲವು ಆಸ್ಪತ್ರೆಗಳನ್ನು ಒಂದು ಜಾಲವಾಗಿ ಹೆಣೆದು, ಇಂಥ ಫಲಿತಾಂಶಗಳನ್ನು ಒಟ್ಟುಗೂಡಿಸುವ ವ್ಯವಸ್ಥೆ ಮಾಡಿತು.

ಈ ಕಾವಲಿನಿಂದ ಒಂದು ಸೋಜಿಗವೂ ಹೊರಬಿದ್ದಿದೆ. ಹಿಂದೆ ಬಲಗುಂದಿದ ಕ್ಲೋರಾಂಫೆನಿಕಾಲ್ ಮೊದಲಾದ ಹಳೆಯ ಔಷಧಗಳ ಬಳಕೆ ಕಡಮೆಯಾದ ಮೇಲೆ, ಅವುಗಳಿಗೆ ಮಣಿಯುವ ತಳಿಗಳೇ ನಮ್ಮ ದೇಶದಲ್ಲಿ ಮತ್ತೆ ಅಧಿಕವಾಗಿವೆ. ಹಾಗೆಂದು ಅವುಗಳನ್ನು ತಾವಾಗಿಯೇ ಕೊಂಡು ನುಂಗಕೂಡದು. ಕ್ಲೋರಾಂಫೆನಿಕಾಲ್ ಅಪರೂಪವಾಗಿ ಅಸ್ಥಿಮಜ್ಜೆಯನ್ನೇ ಕೆಡಿಸಬಲ್ಲದು. ಬಳಸದೆ ಕಾಪಾಡಿದ ಔಷಧಕ್ಕೆ ಬಲ ಮರಳಬಹುದೆಂಬುದೇ ಇಲ್ಲಿಯ ಪಾಠ.

ಈ ಕಾರ್ಯದಲ್ಲಿ ಗೃಹಸ್ಥರಿಗೂ ಪಾಲುಂಟು. ‘ನಿದಾನ’ ಎಂದರೆ ರೋಗದ ಮೂಲವನ್ನು ನಿಶ್ಚಯಿಸುವುದು. ‘ನಿಧಾನ’ ಎಂದರೆ ಕನ್ನಡದಲ್ಲಿ ತಾಳ್ಮೆ. ನಾವು ಪಾಠ ಹೇಳುತ್ತಿದ್ದ ಕಾಲದಲ್ಲಿ ಬಾಲಕರು ಇವೆರಡನ್ನೂ ಒಂದೇ ರೀತಿ ಬರೆಯುತ್ತಿದ್ದರು. ಈ ಜ್ವರದ ಮಟ್ಟಿಗೆ ಎರಡಕ್ಕೂ ನಿಕಟಸಂಬಂಧವಿದೆ. ಪ್ರತಿಜೀವಕದ ಒಂದು ಮಾತ್ರೆ ಹೊಟ್ಟೆಗೆ ಬಿದ್ದರೂ ಸೀಸೆಯಲ್ಲಿ ರೋಗಾಣು ಬೆಳೆಯದೆ ಹೋಗಬಹುದು. ಆದುದರಿಂದ ಅಂಗಡಿಯಿಂದ ಮಾತ್ರೆ ತರುವ ಮೊದಲೇ ವೈದ್ಯರಲ್ಲಿಗೆ ಹೋಗಿ, ಅವರು ಹೇಳಿದರೆ ರಕ್ತವನ್ನು ಕೊಡತಕ್ಕದ್ದು. ಇದಕ್ಕೆ ಜ್ವರದ ಮೊದಲ ವಾರವೇ ಪ್ರಶಸ್ತವಾದ ಕಾಲ. ರಕ್ತ ತೆಗೆದ ಕೂಡಲೇ ವೈದ್ಯರು ಚಿಕಿತ್ಸೆಯನ್ನು ಆರಂಭಿಸಿ, ಎರಡು ಮೂರು ದಿನಗಳಲ್ಲಿ ವರದಿ ಬಂದಮೇಲೆ ಬೇಕಾದರೆ ಔಷಧವನ್ನು ಬದಲಿಸುವರು. ವಿಡಾಲ್ ಎಂಬ ಪರೀಕ್ಷೆ ಬೇಗನೆ ಮುಗಿಯುವುದೇನೋ ನಿಜ. ಆದರೆ ಅದನ್ನು ಪೂರ್ಣವಾಗಿ ನಂಬುವಂತಿಲ್ಲ, ಮೇಲಾಗಿ ಯಾವ ಔಷಧ ಫಲಿಸುವುದೆಂದು ಅದು ತಿಳಿಸುವುದೂ ಇಲ್ಲ.

ತಕ್ಕ ಔಷಧ ಕೊಟ್ಟರೂ ಜ್ವರ ಇಳಿಯಲು ನಾಲ್ಕೈದು ದಿನ, ಕೆಲವೊಮ್ಮೆ ವಾರ ಹಿಡಿಯುತ್ತದೆ. ತಾಯಂದಿರು ಆ ನಡುವೆ ಎದೆಗುಂದಿ ದಿನಕ್ಕೊಂದು ಔಷಧ ಬದಲಿಸಕೂಡದು. ಮಗುವಿಗೆ ಹೊಟ್ಟೆನೋವು ಬಲವಾದರೆ, ಮಲದಲ್ಲಿ ರಕ್ತ ಕಂಡರೆ, ಮಂಕು ಕವಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಜ್ವರ ಬಿಟ್ಟಿತೆಂದು ಮಾತ್ರೆಗಳನ್ನು ನಡುವೆ ನಿಲ್ಲಿಸುವುದೂ, ಮಿಕ್ಕುದನ್ನು ಇನ್ನೊಬ್ಬರಿಗೆ ಕೊಡುವುದೂ ಸಲ್ಲದು. ಕುದಿಸಿ ಆರಿಸಿದ ನೀರು, ಸಾಬೂನಿನಿಂದ ತೊಳೆದ ಕೈ, ವೈದ್ಯರ ಸಲಹೆಯಂತೆ ಲಸಿಕೆ ಇವಿದ್ದರೆ ಔಷಧದ ಅಗತ್ಯವೇ ಕಡಮೆಯಾಗುತ್ತದೆ. ಒಂದು ಮನೆಯವರು ಕೊಟ್ಟ ಎರಡು ಚಮಚದಷ್ಟು ರಕ್ತದಿಂದ ಆ ಮನೆಯ ಮಗುವಿಗೆ ತಕ್ಕ ಔಷಧ ದೊರೆಯುವುದಲ್ಲದೆ, ಊರಿನ ಇತರ ಮಕ್ಕಳಿಗೆ ಯಾವುದನ್ನು ಕೊಡಬೇಕೆಂಬುದೂ ತಿಳಿಯುವುದು.