ಪಾಠದ ಚಿತ್ರೀಕರಣ: ಫೋಕಸ್ ಮತ್ತು ಬೆಳಕನ್ನು ನಾವೇ ಹೊಂದಿಸುವ ಕ್ರಮ

1960ರ ದಶಕದ ಆರಂಭದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಅಲೆನ್ ಮತ್ತು ಸಂಗಡಿಗರು ಅಣುಬೋಧನೆಯನ್ನು ರೂಪಿಸಿದ ದಿನಗಳಿಂದಲೇ ಪಾಠದ ವಿಡಿಯೊ ಚಿತ್ರೀಕರಣ ಹಿಮ್ಮಾಹಿತಿಯ ಸಾಧನವಾಗಿದೆ. ನಮ್ಮ ಬೋಧನಾಭ್ಯಾಸದಲ್ಲಿಯೂ ಕ್ಯಾಮ್‌ಕಾರ್ಡರ್ ಬಳಸುತ್ತೇವೆ. ಆದರೆ ಹೆಚ್ಚಿನವರು ಅದನ್ನು 'ಆಟೊ'ದಲ್ಲಿಟ್ಟು ಗುಂಡಿ ಒತ್ತಿ ಸುಮ್ಮನಾಗುತ್ತಾರೆ. ತರಗತಿಯಲ್ಲಿ ಇದು ಏಕೆ ಸಾಲದು, ಬದಲಿಗೆ ಏನು ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಆಟೊ ವ್ಯವಸ್ಥೆ ಇಡೀ ದೃಶ್ಯವನ್ನು ಸರಾಸರಿ ಬೆಳಕಿಗೆ ತರಲು ನೋಡುತ್ತದೆ. ಕಪ್ಪುಹಲಗೆ ಚೌಕಟ್ಟು ತುಂಬಿದರೆ ಚಿತ್ರವನ್ನು ಬೆಳಗಿಸುತ್ತದೆ. ಸೀಮೆಸುಣ್ಣದ ಅಕ್ಷರ ಬೆಳ್ಳಗೆ ಹರಡಿಕೊಳ್ಳುತ್ತದೆ. ಕಿಟಕಿ ಚೌಕಟ್ಟಿನೊಳಗೆ ಬಂದರೆ ಚಿತ್ರವನ್ನು ಕಪ್ಪಾಗಿಸುತ್ತದೆ. ಮಕ್ಕಳ ಮುಖ ಮರೆಯಾಗುತ್ತದೆ. ಒಂದು ಗಣಿತ ಪಾಠದ ಚಿತ್ರವನ್ನಷ್ಟೇ ನೋಡಿದ ವೀಕ್ಷಕರೊಬ್ಬರು 'ಮಕ್ಕಳ ಪಾಲ್ಗೊಳ್ಳುವಿಕೆ'ಗೆ ಕಡಿಮೆ ಅಂಕ ಕೊಟ್ಟಿದ್ದರು. ಆ ತರಗತಿಯಲ್ಲಿ ಕುಳಿತಿದ್ದ ನಾನು ಕಂಡದ್ದೇ ಬೇರೆ: ಕಿಟಕಿ ಪಕ್ಕದ ಸಾಲಿನ ಮಕ್ಕಳು ಬೆರಳು ಮಡಚಿ ಎಣಿಸುತ್ತಿದ್ದರು, ತುಟಿಯಲ್ಲೇ ಉತ್ತರ ಹೇಳಿಕೊಳ್ಳುತ್ತಿದ್ದರು. ಚಿತ್ರದಲ್ಲಿ ಅವರು ಬರೀ ಕಪ್ಪು ಆಕಾರಗಳು. ಪ್ರಶಿಕ್ಷಣಾರ್ಥಿಯ ಶ್ರಮ ದಾಖಲೆಯಲ್ಲಿ ಉಳಿಯಲೇ ಇಲ್ಲ.

ಆದ್ದರಿಂದ ನಾನು ಪ್ರಶಿಕ್ಷಣಾರ್ಥಿಗಳಿಗೆ ಹೇಳುವ ಮೊದಲ ಮಾತು: ಬೆಳಕನ್ನು ಮಕ್ಕಳ ಮುಖಕ್ಕೆ ಹೊಂದಿಸಿ, ಕಿಟಕಿಗಲ್ಲ.

ಸ್ಥಳ: ಸಾಧ್ಯವಿದ್ದರೆ ಕಿಟಕಿ ಕ್ಯಾಮರಾದ ಬೆನ್ನಿಗೆ ಬರುವಂತೆ ಟ್ರೈಪಾಡ್ ನಿಲ್ಲಿಸಿ. ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಫೋಕಸ್: ಆಟೊ ಫೋಕಸ್‌ನಲ್ಲಿ ಯಾರಾದರೂ ಕ್ಯಾಮರಾ ಮುಂದೆ ಹಾದುಹೋದರೆ ಲೆನ್ಸ್ ಅವರನ್ನು ಹಿಂಬಾಲಿಸಿ, ಮತ್ತೆ ಸರಿಹೋಗಲು ತಡಕಾಡುತ್ತದೆ. ಮ್ಯಾನುಯಲ್‌ಗೆ ಬದಲಿಸಿ, ಮಧ್ಯದ ಸಾಲಿನ ಒಂದು ಮಗುವಿನ ಕಣ್ಣಿಗೆ ಪೂರ್ತಿ ಜೂಮ್ ಮಾಡಿ, ಸ್ಪಷ್ಟವಾಗುವವರೆಗೆ ಫೋಕಸ್ ಉಂಗುರ ತಿರುಗಿಸಿ; ನಂತರ ಜೂಮ್ ಹಿಂದಕ್ಕೆ ತನ್ನಿ. ಪೂರ್ತಿ ಜೂಮ್‌ನಲ್ಲಿ ಸ್ಪಷ್ಟವಾಗಿ ಕಾಣುವ ಆಳ ಬಹಳ ಕಡಿಮೆ. ಹಾಗಾಗಿ ಸಣ್ಣ ವ್ಯತ್ಯಾಸವೂ ಕಣ್ಣಿಗೆ ಬೀಳುತ್ತದೆ. ವಿಶಾಲ ನೋಟಕ್ಕೆ ಬಂದಾಗ ಆ ಆಳ ಹೆಚ್ಚಿ, ಹಿಂದಿನ ಮುಂದಿನ ಸಾಲುಗಳೂ ಸ್ಪಷ್ಟವಾಗಿರುತ್ತವೆ. ಕ್ಯಾಮರಾ ಸ್ಥಳ ಬದಲಿಸಿದರೆ ಇದನ್ನು ಮತ್ತೆ ಮಾಡಬೇಕು.

ಶಟರ್: 1/50 ಸೆಕೆಂಡಿಗೆ ಇಡಿ. ನಮ್ಮ ವಿದ್ಯುತ್ 50 ಹರ್ಟ್ಸ್‌ನದು. ಹಳೆಯ ಟ್ಯೂಬ್‌ಲೈಟ್‌ಗಳ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. 1/50 ಅಥವಾ 1/100 ಇದಕ್ಕೆ ಹೊಂದುತ್ತದೆ. 1/60 ಇಟ್ಟರೆ ಚಿತ್ರ ಮಿಣುಕಬಹುದು.

ಐರಿಸ್: ಎಫ್ ಸಂಖ್ಯೆ ಚಿಕ್ಕದಾದಷ್ಟೂ ಒಳಬರುವ ಬೆಳಕು ಹೆಚ್ಚು. ಅತಿ ನೆರಳಿನಲ್ಲಿರುವ ಮಗುವಿನ ಕಣ್ಣು, ಬಾಯಿ ಕಾಣುವವರೆಗೆ ಐರಿಸ್ ತೆರೆಯಿರಿ. ಕ್ಯಾಮರಾದಲ್ಲಿ ಝೀಬ್ರಾ ಸೌಲಭ್ಯವಿದ್ದರೆ 100ಕ್ಕೆ ಹೊಂದಿಸಿ. ವಿವರ ಕಳೆದುಕೊಳ್ಳುವಷ್ಟು ಬೆಳಗಿದ ಜಾಗದಲ್ಲಿ ಪಟ್ಟೆಗಳು ಮೂಡುತ್ತವೆ. ಪಟ್ಟೆ ಕಿಟಕಿಯ ಮೇಲಿದ್ದರೆ ಇರಲಿ. ಮುಖದ ಮೇಲೋ ಹಲಗೆಯ ಅಕ್ಷರದ ಮೇಲೋ ಬಂದರೆ ಐರಿಸ್ ತುಸು ಮುಚ್ಚಿ.

ಗೇನ್: ಐರಿಸ್ ಪೂರ್ತಿ ತೆರೆದರೂ ಬೆಳಕು ಸಾಲದಿದ್ದಾಗ ಮಾತ್ರ ಇದನ್ನು ಮುಟ್ಟಿ. ಪ್ರತಿ 6 ಡೆಸಿಬಲ್‌ಗೆ ಸಂಕೇತ ದುಪ್ಪಟ್ಟಾಗುತ್ತದೆ, ಜೊತೆಗೆ ಚಿತ್ರದಲ್ಲಿನ ಕಾಳುಕಾಳೂ ಹೆಚ್ಚುತ್ತದೆ. ಅದಕ್ಕೂ ಮೊದಲು ಕೋಣೆಯ ದೀಪ ಹಾಕಿಸಿ.

ಪಾಠದ ನಡುವೆ ಮೋಡ ಕವಿದರೆ ಗಾಬರಿ ಬೇಡ. ಮಕ್ಕಳು ಬರೆದುಕೊಳ್ಳುವ ಹೊತ್ತು ನೋಡಿ ಐರಿಸನ್ನು ನಿಧಾನವಾಗಿ ಸರಿಪಡಿಸಿ.

ಎನ್.ಸಿ.ಇ.ಆರ್.ಟಿ. ಮಾದರಿಯ ಅಣುಬೋಧನೆಯಲ್ಲಿ ಬೋಧನೆಗೆ 6 ನಿಮಿಷ, ಹಿಮ್ಮಾಹಿತಿಗೂ 6 ನಿಮಿಷ. ಮಸುಕಾದ ಚಿತ್ರದಲ್ಲಿ ಏನಿದೆಯೆಂದು ಊಹಿಸುತ್ತ ಕೂರಲು ಅಲ್ಲಿ ಸಮಯವಿಲ್ಲ. ಹಾಗಾಗಿ ಪಾಠ ಶುರುವಾಗುವ ಮುನ್ನ 15 ಸೆಕೆಂಡು ಚಿತ್ರೀಕರಿಸಿ, ಹಿಂದಿರುಗಿಸಿ ನೋಡಿ. ಕೊನೆಯ ಸಾಲಿನ ಮುಖ, ಹಲಗೆಯ ಅಕ್ಷರ, ಬೋಧಿಸುವವರ ಕೈ, ಈ ಮೂರೂ ಸ್ಪಷ್ಟವಾಗಿದ್ದರೆ ಮಾತ್ರ ಪಾಠ ಆರಂಭಿಸಲು ಸನ್ನೆ ಮಾಡಿ. ಈ ಕೆಲಸವನ್ನು ಸಹಪಾಠಿ ವೀಕ್ಷಕರಲ್ಲಿ ಒಬ್ಬರಿಗೆ ಸರದಿಯ ಮೇಲೆ ವಹಿಸಿದರೆ ಎಲ್ಲರ ಕೈಗೂ ಅಭ್ಯಾಸವಾಗುತ್ತದೆ.