ಆಟದ ಐಡಿ ಮಾರಾಟ: ನಮ್ಮದಲ್ಲದ ಸೊತ್ತಿನ ವ್ಯಾಪಾರ

ಸಹೋದರರೇ, ಬಿಜಿಎಂಐಯಂತಹ ಮೊಬೈಲ್ ಆಟಗಳ ಐಡಿಗಳನ್ನು ಹುಡುಗರು ವಾಟ್ಸ್‌ಆ್ಯಪ್, ಟೆಲಿಗ್ರಾಂ ಗುಂಪುಗಳಲ್ಲಿ ಹಣಕ್ಕೆ ಮಾರುತ್ತಾರೆ, ಕೊಳ್ಳುತ್ತಾರೆ. ಇದೂ ವ್ಯಾಪಾರವೇ ಅಲ್ಲವೇ ಎಂದು ನಮ್ಮನ್ನು ಕೇಳುತ್ತಾರೆ.

ವ್ಯಾಪಾರ ಹಲಾಲ್. ಆದರೆ ಮಾರುವವನು ಸೊತ್ತಿನ ಒಡೆಯನಾಗಿರಬೇಕು. ನಮ್ಮ ಉಳ್ಳಾರ್ತಿ ಕಾವಲ್‌ನಲ್ಲಿ ಕುರಿ ಮೇಯಿಸಿದವರಿಗೆ ಹುಲ್ಲು ಸಿಕ್ಕಿತು, ನೆಲ ಮಾರುವ ಹಕ್ಕು ಸಿಗಲಿಲ್ಲ. ಐಡಿಯೂ ಹಾಗೆಯೇ. ಕಂಪನಿ ಕೊಟ್ಟಿರುವುದು ಆಡುವ ಅನುಮತಿ, ಒಡೆತನವಲ್ಲ. ಮಾರಾಟ ಅದರ ನಿಯಮಕ್ಕೆ ವಿರುದ್ಧ. ಗೊತ್ತಾದರೆ ಐಡಿಯನ್ನೇ ಮುಚ್ಚಬಹುದು.

ತನ್ನ ಬಳಿ ಇಲ್ಲದ್ದನ್ನು ಮಾರಬಾರದೆಂದು ಪ್ರವಾದಿ(ಸ)ರು ಹಕೀಮ್ ಬಿನ್ ಹಿಝಾಮ್(ರ)ರಿಗೆ ತಾಕೀತು ಮಾಡಿದ್ದರು. ಅನಿಶ್ಚಿತತೆಯ ವ್ಯವಹಾರವನ್ನು ವಿದ್ವಾಂಸರು ‘ಗರರ್’ ಎನ್ನುತ್ತಾರೆ. ಇಲ್ಲಿ ಅದು ಕಣ್ಣೆದುರೇ ಇದೆ: 2022ರ ಜುಲೈಯಲ್ಲಿ ಆ್ಯಪ್ ಸ್ಟೋರ್‌ಗಳಿಂದ ಮಾಯವಾದ ಬಿಜಿಎಂಐ ಮರಳಿದ್ದು 2023ರ ಮೇಯಲ್ಲಿ. ಹಣ ಪಡೆದವನು ತನ್ನ ಹಳೆಯ ಇಮೇಲ್ ಬಳಸಿ ಐಡಿಯನ್ನು ಕಿತ್ತುಕೊಳ್ಳುವುದೂ ಉಂಟು. ನಿಯಮ ಮುರಿದು ಕೊಂಡವನು ಕಂಪನಿಗೆ ದೂರುವಂತೆಯೂ ಇಲ್ಲ.

ಹೆತ್ತವರೇ, ಮಗ ಹಣ ಕಳೆದುಕೊಂಡು ಬಂದರೆ ಮೊದಲು ಬೈಯಬೇಡಿ. ಭಯಕ್ಕೆ ಮುಚ್ಚಿಟ್ಟರೆ ನಷ್ಟ ಹೆಚ್ಚುತ್ತದೆ. ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆಮಾಡಿ. ಆಮೇಲೆ ಕೂರಿಸಿಕೊಂಡು ತಿಳಿಹೇಳಿ.