ಪೆರ್ಗಡೆಯಿಂದ ಹೆಗಡೆಗೆ

ಹೊಯ್ಸಳರ ಕಾಲದ ಶಾಸನವೊಂದರ ಪಾಠದಲ್ಲಿ 'ಹೆಗ್ಗಡೆ' ಎಂಬ ಮಾತನ್ನು ಕಂಡ ನನ್ನ ವಿದ್ಯಾರ್ಥಿಯೊಬ್ಬ, "ಸಾರ್, ಇವರು ನಮ್ಮ ಮನೆತನದ ಹಿರಿಯರೇ?" ಎಂದು ಕೇಳಿದ. ಅವನ ಅಡ್ಡಹೆಸರು ಹೆಗಡೆ.

ಹಳಗನ್ನಡದಲ್ಲಿ ಈ ಮಾತು 'ಪೆರ್ಗಡೆ'. ಕಲ್ಲಿನ ಮೇಲೆ ಅನೇಕ ವೇಳೆ ಗಕಾರ ಇಮ್ಮಡಿಸಿ 'ಪೆರ್ಗ್ಗಡೆ' ಎಂದಿರುತ್ತದೆ. ಪೆರ್ ಎಂದರೆ ಹಿರಿದು. ಕಾಲಕ್ರಮದಲ್ಲಿ ಪದದ ಮೊದಲ ಪಕಾರ ಹಕಾರವಾಯಿತು, ರೇಫೆ ಮುಂದಿನ ವ್ಯಂಜನದಲ್ಲಿ ಅಡಗಿತು. ಪೆರ್ಬುಲಿ ಹೆಬ್ಬುಲಿಯಾದದ್ದೂ ಪೆರ್ಮರ ಹೆಮ್ಮರವಾದದ್ದೂ ಹೀಗೆಯೇ. 12ನೆಯ ಶತಮಾನದ ಶಾಸನಗಳಲ್ಲಿ ಹಳೆಯ ರೂಪವೂ ಹೊಸ ರೂಪವೂ ದೊರೆಯುತ್ತವೆ.

ಆದರೆ ಅದು ಆಗ ಅಡ್ಡಹೆಸರಲ್ಲ, ಅಧಿಕಾರದ ಹೆಸರು. ಸುಂಕ ಎತ್ತುವವನು ಸುಂಕದ ಹೆಗ್ಗಡೆ. ಊರಿನ ಮುಖ್ಯಸ್ಥನೂ ಹೆಗ್ಗಡೆಯೇ. ಪದವಿ ಹೋದರೂ ಹೆಸರು ಮನೆಗಳಲ್ಲಿ ನಿಂತಿತು. ಉತ್ತರ ಕನ್ನಡದ ಹವ್ಯಕರಲ್ಲಿ ಹೆಗಡೆ, ಕರಾವಳಿಯ ಬಂಟರಲ್ಲಿ ಹೆಗ್ಡೆ, ಧರ್ಮಸ್ಥಳದಲ್ಲಿ ಹೆಗ್ಗಡೆ. ಇವರೆಲ್ಲ ಒಂದೇ ವಂಶದವರೆಂದರೆ, ಶಾನುಭೋಗರೆಲ್ಲ ಅಣ್ಣತಮ್ಮಂದಿರು ಎಂದಂತಾದೀತು!

ಇಂಗ್ಲಿಷ್ ಬರವಣಿಗೆಯದು ಬೇರೆ ಕಥೆ. 1983ರಲ್ಲಿ ಮುಖ್ಯಮಂತ್ರಿಗಳಾದ ರಾಮಕೃಷ್ಣ ಹೆಗಡೆಯವರ ಹೆಸರು ಆ ಲಿಪಿಯಲ್ಲಿ ಗಕಾರದ ಸ್ವರವನ್ನೇ ಕಳೆದುಕೊಂಡಿತ್ತು. ಅದನ್ನು ನೋಡಿಕೊಂಡು ಮತ್ತೆ ಕನ್ನಡಕ್ಕೆ ಇಳಿಸುವವರು 'ಹೆಗ್ಡೆ' ಎಂದು ಬರೆದುಬಿಡುತ್ತಾರೆ.

"ಹೆಸರು ಒಂದೇ ಎಂದು ನಂಟು ಕಟ್ಟಬೇಡಪ್ಪ, ಮೊದಲು ಮನೆಯ ಹಳೆಯ ಕಾಗದಪತ್ರ ನೋಡು" ಎಂದೆ. ಹುಡುಗ ಸಪ್ಪಗಾದ. ಮರುವಾರ ಮುತ್ತಜ್ಜನ ಗೇಣಿಚೀಟಿಯೊಂದನ್ನು ತಂದ. ಅದರಲ್ಲಿ 'ಹೆಗ್ಗಡೆ' ಎಂದೇ ಇತ್ತು, ಗಕಾರದ ಒತ್ತು ಸಹಿತ.